ಕಾರಿಗೂ ಒಂದು ಪಾಸ್‌ಬುಕ್

ಹಳೆಯ ಕಾರು ಕೊಳ್ಳಲು ಹೋದವರು ಮೊದಲು ನೋಡುವುದು ಬಣ್ಣ. ಆಮೇಲೆ ಸೀಟು, ಎಸಿ, ಹಾಡಿನ ಪೆಟ್ಟಿಗೆ. ಬಾನೆಟ್ ಎತ್ತಿ ಎಂಜಿನ್ ನೋಡಿ, ಗೊತ್ತಿರಲಿ ಬಿಡಲಿ, ಒಮ್ಮೆ ತಲೆಯಾಡಿಸುತ್ತಾರೆ. ಕಾಗದ ಪತ್ರ ಕೇಳುವುದು ಮಾತ್ರ ಅಡ್ವಾನ್ಸ್ ಕೊಟ್ಟ ಮೇಲೆ!

ನಾನು ಜೀವನಪೂರ್ತಿ ಬ್ಯಾಂಕಿನ ಕೌಂಟರಿನ ಒಳಗೆ ಕೂತ ಗುಮಾಸ್ತ. ಎಂಜಿನ್ ವಿದ್ಯೆ ನನಗೆ ಬಾರದು. ಆದರೆ ಪಾಸ್‌ಬುಕ್ ಓದಲು ಬರುತ್ತದೆ. ತಾರೀಕುಗಳು ಒಂದರ ಹಿಂದೊಂದು ಬಂದಿವೆಯೇ, ನಡುವೆ ಎಲ್ಲಿ ಖಾಲಿ ಬಿದ್ದಿದೆ, ಖಾಲಿ ಬಿದ್ದ ಕಾಲದಲ್ಲಿ ಏನಾಯಿತು ಎಂದು ಕೇಳುವುದು ನಮ್ಮ ಕಸುಬಿನ ಅಭ್ಯಾಸ. ಹಳೆಯ ಕಾರಿನ ಕಾಗದವನ್ನೂ ಹಾಗೆಯೇ ಓದಬಹುದು. ಅಜ್ಜ ಅಜ್ಜಿಯರು ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಬಹುದಾದ ಕೆಲಸ ಇದು.

ಹದಿನೈದು ವರ್ಷ ಯಾರೂ ಕೇಳುವುದಿಲ್ಲ

ಬ್ರಿಟನ್ನಿನಲ್ಲಿ 1960ರಿಂದ ಒಂದು ಪದ್ಧತಿ ಇದೆ. ಮೂರು ವರ್ಷ ದಾಟಿದ ಬಹುತೇಕ ಕಾರುಗಳನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಯ್ಯಬೇಕು. ಬ್ರೇಕು, ಟೈರು, ದೀಪ ಎಲ್ಲ ನೋಡಿ ಪಾಸು ಅಥವಾ ಫೇಲು ಎಂದು ಬರೆಯುತ್ತಾರೆ. ಕಾರಿನ ನಂಬರು ಗೊತ್ತಿದ್ದರೆ ಆ ಪರೀಕ್ಷೆಯ ಚರಿತ್ರೆಯನ್ನು ಯಾರು ಬೇಕಾದರೂ ನೋಡಬಹುದು. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ಪರೀಕ್ಷೆ, ಆಮೇಲೆ ಎರಡು ವರ್ಷಕ್ಕೊಮ್ಮೆ.

ನಮ್ಮಲ್ಲಿ ಹಳದಿ ಬೋರ್ಡಿನ ಟ್ಯಾಕ್ಸಿಗೆ ಅಂಥ ಪರೀಕ್ಷೆ ಉಂಟು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಬಿಳಿ ಬೋರ್ಡಿನ ಸ್ವಂತ ಕಾರಿಗೆ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದರ ನೋಂದಣಿ 15 ವರ್ಷ ನಡೆಯುತ್ತದೆ. ಅಷ್ಟೂ ವರ್ಷ ಹೊಗೆ ತಪಾಸಣೆ ಬಿಟ್ಟರೆ ಸರ್ಕಾರದ ಕಡೆಯಿಂದ ಯಾರೂ ಅದರ ಬ್ರೇಕು ಒತ್ತಿ ನೋಡುವುದಿಲ್ಲ. 15 ವರ್ಷ ತುಂಬಿದಾಗ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಿ, ಇನ್‌ಸ್ಪೆಕ್ಟರ್ ಪಾಸು ಮಾಡಿದರೆ ಮತ್ತೆ 5 ವರ್ಷ. ಅದು ಮುಗಿದರೆ ಮತ್ತೆ ಪರೀಕ್ಷೆ, ಮತ್ತೆ 5 ವರ್ಷ.

ಇಲ್ಲೇ ಒಂದು ಸೂಕ್ಷ್ಮ ಇದೆ. ಪರೀಕ್ಷೆ ಹತ್ತಿರ ಬಂದಾಗ ಓದದ ಹುಡುಗ ಹೊಟ್ಟೆನೋವು ಎನ್ನುವಂತೆ, ಪಾಸಾಗದ ಕಾರುಗಳು ಹದಿನಾಲ್ಕೂವರೆ ವರ್ಷಕ್ಕೆ ಮಾರಾಟಕ್ಕೆ ಬರುತ್ತವೆ. ಎಲ್ಲವೂ ಹಾಗೆ ಅಂತಲ್ಲ. ಆದರೆ ಆ ವಯಸ್ಸಿನ ಕಾರು ತೀರಾ ಅಗ್ಗಕ್ಕೆ ಸಿಕ್ಕರೆ ಒಂದು ಪ್ರಶ್ನೆ ಹೆಚ್ಚಿಗೆ ಕೇಳಬೇಕು.

ಮೂರು ಊರು, ಮೂರು ಕಾರು

ನಮ್ಮ ಬೀದಿಯಲ್ಲಿ ರೇಷ್ಮೆ ಸೀರೆ ನೇಯುವವರೊಬ್ಬರಿದ್ದಾರೆ. ಅವರ ಹೆಂಡತಿಗೆ ಮೈಸೂರಿನಲ್ಲಿ ಚಿಕಿತ್ಸೆ, ತಿಂಗಳಿಗೆ ಎರಡು ಸಲ ಹೋಗಬೇಕು. ಬಸ್ಸಿನಲ್ಲಿ ನಿಂತು ಹೋಗುವ ಶಕ್ತಿ ಆಕೆಗೆ ಉಳಿದಿರಲಿಲ್ಲ. ಪ್ರತಿ ಸಲ ಬಾಡಿಗೆ ಕಾರು ಮಾಡಿದರೆ ಮಗ್ಗದ ಸಂಪಾದನೆ ಅದಕ್ಕೇ ಸರಿ. ಮಗನಿಗೆ ಡ್ರೈವಿಂಗ್ ಬರುತ್ತದೆ. ಚೀಟಿ ಎತ್ತಿದ ಹಣವೂ ಉಳಿತಾಯವೂ ಸೇರಿ ಒಂದೂವರೆ ಲಕ್ಷದೊಳಗೆ ಒಂದು ಹಳೆಯ ಕಾರು ಎಂದು ತೀರ್ಮಾನವಾಯಿತು. 2025ರ ದೀಪಾವಳಿ ಕಳೆದ ವಾರ ನಮ್ಮ ಮನೆಗೆ ಬಂದು, “ಅಣ್ಣಾ, ನೀವೂ ಒಂದ್ಸಲ ಬಂದು ಕಾಗ್ದ ನೋಡ್ಬುಡಿ” ಎಂದರು. ರಜೆಗೆ ಬಂದಿದ್ದ ಎಂಟನೇ ತರಗತಿಯ ನನ್ನ ಮೊಮ್ಮಗಳು ನನಗಿಂತ ಮೊದಲೇ ಚಪ್ಪಲಿ ಹಾಕಿಕೊಂಡು ನಿಂತಿದ್ದಳು.

ಮೊದಲ ಕಾರು ಹನೂರಿನಲ್ಲಿ. ಬೆಲೆ ಬರೀ 80,000. ನೋಡಲೂ ಲಕ್ಷಣವಾಗಿತ್ತು. ಆದರೆ ನಂಬರ್ ಪ್ಲೇಟಿನಲ್ಲಿ ತಮಿಳುನಾಡಿನ ಟಿಎನ್. ಪಾಲಾರ್ ದಾಟಿದರೆ ಮೆಟ್ಟೂರು. 1956ರವರೆಗೆ ನಮ್ಮ ಕೊಳ್ಳೇಗಾಲವೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಚೆಯ ಗಾಡಿ ಈಚೆಗೆ ಬರುವುದರಲ್ಲಿ ವಿಶೇಷವಿಲ್ಲ. ಆದರೆ ಕಾನೂನಿಗೆ ಒಂದು ಲೆಕ್ಕ ಇದೆ. ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನಂಬರು ಪಡೆಯಬೇಕು. ಅದಕ್ಕೆ ಆ ರಾಜ್ಯದ ಆರ್‌ಟಿಒ ಕೊಡುವ ಎನ್‌ಒಸಿ, ಅಂದರೆ ಫಾರಂ 28 ಬೇಕು. ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಈ ಕಾರು ಹನೂರಿಗೆ ಬಂದು ಮೂರು ವರ್ಷವಾಗಿತ್ತು. ಎನ್‌ಒಸಿ ಇರಲಿಲ್ಲ. ಕೈ ಬದಲಾಗಿದ್ದು ಮೂರು ಸಲ, ಆರ್‌ಸಿಯಲ್ಲಿ ಇದ್ದದ್ದು ಮಾತ್ರ ಆಚೆಯ ಮೊದಲ ಮಾಲೀಕರ ಹೆಸರು. ಅವರು ಈಗ ಎಲ್ಲಿದ್ದಾರೋ ಮಾರುವವರಿಗೂ ಗೊತ್ತಿರಲಿಲ್ಲ. ನಾವು ಕಾಫಿ ಕುಡಿದು ಎದ್ದು ಬಂದೆವು.

ಎರಡನೆಯದು ಕೊಳ್ಳೇಗಾಲದಲ್ಲೇ, ಒಬ್ಬ ದಲ್ಲಾಳಿಯ ಹತ್ತಿರ. ಕೆಎ-10, ನಮ್ಮ ಚಾಮರಾಜನಗರ ಜಿಲ್ಲೆಯದೇ ನಂಬರು. ಬೆಲೆ 1,10,000. “ಗಾಡಿ ಚಿನ್ನ ಕಣ್ ಸಾ. ಒಬ್ಬರೇ ಓಡ್ಸಿರದು, ಐವತ್ತೆಂಟು ಸಾವ್ರನೇ ಆಗಿರದು” ಎಂದ. ನೆರೆಯವರ ಕೈ ಆಗಲೇ ಅಂಗಿ ಜೇಬಿನಲ್ಲಿದ್ದ ಹತ್ತು ಸಾವಿರದ ಅಡ್ವಾನ್ಸಿನ ಮೇಲೆ ಹೋಗಿತ್ತು. ಸ್ವಲ್ಪ ತಡೆಯಿರಿ ಎಂದು ನಾನು ಆರ್‌ಸಿ ಕೇಳಿದೆ.

ನೋಂದಣಿ 2010ರ ಡಿಸೆಂಬರ್. ಅಂದರೆ 2025ರ ಡಿಸೆಂಬರಿಗೆ 15 ವರ್ಷ ಪೂರ್ತಿ. ಇನ್ನು ಉಳಿದಿದ್ದು ಆರೇಳು ವಾರ. ಆರ್‌ಸಿಯಲ್ಲಿ ಒಂದು ಬ್ಯಾಂಕಿನ ಹೆಸರೂ ಇತ್ತು, ಅಂದರೆ ಕಾರು ಇನ್ನೂ ಸಾಲಕ್ಕೆ ಅಡವು. “ಲೋನು ಯಾವಾಗ್ಲೋ ತೀರೋಗದೆ ಸಾ” ಎಂದ. ತೀರಿರಬಹುದು. ಸಾಲ ತೀರಿದ ದಿನ ಬ್ಯಾಂಕಿನವರು ಎನ್‌ಒಸಿಯನ್ನೂ ಫಾರಂ 35 ಅನ್ನೂ ಕೊಡುತ್ತಾರೆ. ಅವನ್ನು ಆರ್‌ಟಿಒಗೆ ಕೊಟ್ಟು ಬ್ಯಾಂಕಿನ ಹೆಸರು ತೆಗೆಸುವುದು ಮಾಲೀಕರ ಕೆಲಸ. ಕೌಂಟರಿನಲ್ಲಿ ಎಷ್ಟೋ ಜನ ಆ ಕಾಗದ ಇಸಿದುಕೊಂಡು ಹೋಗಿ ಬೀರುವಿನಲ್ಲಿಟ್ಟು ಮರೆತದ್ದನ್ನು ನೋಡಿದ್ದೇನೆ. ಬ್ಯಾಂಕಿನ ಹೆಸರು ಹೋಗದೆ ಕಾರು ಸಲೀಸಾಗಿ ಇನ್ನೊಬ್ಬರ ಹೆಸರಿಗೆ ಆಗುವುದಿಲ್ಲ.

ಇನ್ಶೂರೆನ್ಸ್ ಎರಡು ವಾರದ ಹಿಂದೆ ಮಾಡಿಸಿದ್ದು. ಅದಕ್ಕೆ ಹಿಂದಿನದು 2022ಕ್ಕೇ ಮುಗಿದಿತ್ತು. ಹೊಗೆ ತಪಾಸಣೆಯ ಚೀಟಿ ಒಂದೇ ಒಂದು, ಅದೂ ಹಿಂದಿನ ವಾರದ್ದು. ಮೂರು ವರ್ಷ ಪಾಸ್‌ಬುಕ್ ಖಾಲಿ! ಆ ಮೂರು ವರ್ಷ ಕಾರು ಎಲ್ಲಿತ್ತು? ಶೆಡ್ಡಿನಲ್ಲಿ ನಿಂತಿತ್ತೇ, ಕಾಗದವಿಲ್ಲದೆ ಓಡುತ್ತಿತ್ತೇ, ಯಾರಿಗಾದರೂ ಗುದ್ದಿತ್ತೇ? ದಲ್ಲಾಳಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮೊಮ್ಮಗಳು, “ತಾತ, ಇಲ್ಲಿ ಬನ್ನಿ” ಎಂದಳು. ಬಾಗಿಲ ಸಂದಿನಲ್ಲಿ ಆಯಿಲ್ ಬದಲಾಯಿಸಿದ ಗ್ಯಾರೇಜಿನವರು ಅಂಟಿಸಿದ ಹಳೆಯ ಚೀಟಿ. 2016, ಕಿಲೋಮೀಟರು 61,240. ಮುಂದೆ ಮೀಟರಿನಲ್ಲಿ 58,700. ಒಂಬತ್ತು ವರ್ಷ ಓಡಿ ಕಾರು ಎರಡೂವರೆ ಸಾವಿರ ಕಿಲೋಮೀಟರು ಹಿಂದಕ್ಕೆ ಹೋಗಿತ್ತು! “ಮೀಟರ್ ಚೇಂಜ್ ಮಾಡ್ಸಿರ್ಬೇಕು ಸಾ” ಎಂದು ಆತ ಬೇರೆ ಕಡೆ ನೋಡಿದ.

ಜಗಳವಾಡಲಿಲ್ಲ. ಒಂದೇ ಮಾತು ಹೇಳಿದೆವು. “ಆರ್‌ಸಿ ರಿನ್ಯೂವಲ್‌ಗೆ ಮುಗಿಯುವ 60 ದಿನದ ಒಳಗಿನಿಂದ ಅರ್ಜಿ ಹಾಕಬಹುದು, ಈಗ ಸಮಯ ಸರಿಯಾಗಿದೆ. ಪರೀಕ್ಷೆಗೆ ಒಯ್ಯಿ. ಫೀಸು 5,000 ನಾವೇ ಕೊಡುತ್ತೇವೆ. ಪಾಸಾದ ದಿನ ಪೂರ್ತಿ ಹಣ.” ಆತ, “ಅದೆಲ್ಲ ತಕ್ಕಂಡೋರು ಮಾಡುಸ್ಕೊಳ್ಳದು. ಇನ್ನೂ ಇಬ್ಬರು ಕಾಯ್ತಾವ್ರೆ” ಎಂದ. ನಮಗೆ ಬೇಕಾದ ಉತ್ತರ ಅದರಲ್ಲೇ ಇತ್ತು. ನೆರೆಯವರ ಮುಖ ಸಪ್ಪಗಾಯಿತು. ಮುಂದಿನ ವಾರವೇ ಮೈಸೂರಿಗೆ ಹೋಗಬೇಕಿತ್ತು. ಆ ಸಲಕ್ಕೆ ಬಾಡಿಗೆ ಕಾರನ್ನೇ ಮಾಡಿದರು.

ಮೂರನೆಯ ಕಾರು ಯಳಂದೂರಿನ ಒಬ್ಬ ನಿವೃತ್ತ ಮೇಷ್ಟರದು. ನೋಂದಣಿ 2009ರ ಮಾರ್ಚ್. ಅಂದರೆ ಎರಡನೆಯದಕ್ಕಿಂತ ಹಳೆಯದು. ಬೆಲೆ 1,35,000, ಅಂದರೆ ಹೆಚ್ಚು. “ಇದೇನಣ್ಣ, ಹಳೇದಕ್ಕೇ ಜಾಸ್ತಿ ದುಡ್ಡಾ?” ಎಂದು ನೆರೆಯವರು ನನ್ನ ಕಿವಿಯಲ್ಲಿ ಕೇಳಿದರು.

ಮೇಷ್ಟರು ಒಳಗಿನಿಂದ ಬಿಸ್ಕತ್ತಿನ ಡಬ್ಬಿ ತಂದರು. ಅದರಲ್ಲಿ ಕಾರಿನ ಹದಿನಾರು ವರ್ಷದ ಸಂಸಾರವೇ ಇತ್ತು. 2024ರ ಮಾರ್ಚಿನಲ್ಲಿ 15 ವರ್ಷ ತುಂಬಿ, 2029ರವರೆಗೆ ರಿನ್ಯೂವಲ್ ಆಗಿತ್ತು. ಮೊದಲ ಸಲ ಇನ್‌ಸ್ಪೆಕ್ಟರು ಹ್ಯಾಂಡ್‌ಬ್ರೇಕ್ ಹಿಡಿಯುತ್ತಿಲ್ಲ, ಒಂದು ಹೆಡ್‌ಲೈಟ್ ಸರಿಯಿಲ್ಲ ಎಂದು ವಾಪಸು ಕಳಿಸಿದ್ದರಂತೆ. ಬ್ರೇಕ್ ಶೂ ಬದಲಾಯಿಸಿದ ಬಿಲ್ಲು ಅಲ್ಲೇ ಇತ್ತು. ಎರಡನೇ ಸಲ ಪಾಸು. ಆರು ತಿಂಗಳಿಗೊಂದರಂತೆ ಹೊಗೆ ತಪಾಸಣೆಯ ಚೀಟಿಗಳ ಕಂತೆ, ಪಿನ್ನು ಹೊಡೆದು ಇಟ್ಟಿದ್ದರು. ಇನ್ಶೂರೆನ್ಸ್ ಒಂದು ವರ್ಷವೂ ತಪ್ಪಿರಲಿಲ್ಲ.

ಒಂದು ಕಡೆ ಮಾತ್ರ ನನ್ನ ಬೆರಳು ನಿಂತಿತು. ಇನ್ಶೂರೆನ್ಸಿನಲ್ಲಿ ನೋ ಕ್ಲೇಮ್ ಬೋನಸ್ ಎಂದಿರುತ್ತದೆ. ಒಂದು ವರ್ಷ ಪರಿಹಾರ ಕೇಳದಿದ್ದರೆ ಮುಂದಿನ ವರ್ಷ ಶೇ 20 ರಿಯಾಯಿತಿ. ಹಾಗೇ ಮುಂದುವರಿದರೆ 25, 35, 45, ಕೊನೆಗೆ 50. ನಡುವೆ ಪರಿಹಾರ ಪಡೆದರೆ ಮತ್ತೆ ಸೊನ್ನೆ. ಮೇಷ್ಟರ ಕಾರಿನಲ್ಲಿ 50 ಇದ್ದದ್ದು 2019ರಲ್ಲಿ ಸೊನ್ನೆಗೆ ಇಳಿದಿತ್ತು. ಕೇಳಿದೆ. ಅವರು ನಕ್ಕು, “ಸಂತೇಮರಹಳ್ಳಿ ಹತ್ರ ಎತ್ತಿನ ಗಾಡಿ ತಗುಲ್ತು. ಹಿಂದಿನ ಚಕ್ರದ ಮೇಲ್ಭಾಗ ಟಿಂಕರಿಂಗ್ ಮಾಡ್ಸಿದೀನಿ. ಬಿಲ್ಲು ನೋಡಿ” ಎಂದು ತೆಗೆದುಕೊಟ್ಟರು. ಮೊಮ್ಮಗಳು ಆ ಜಾಗಕ್ಕೆ ಅಯಸ್ಕಾಂತ ಹಿಡಿದಳು. ಅಲ್ಲಿ ಮಾತ್ರ ಅದು ಅಂಟದೆ ಜಾರಿತು. ಕಾಗದವೂ ಕಾರೂ ಒಂದೇ ಮಾತು ಹೇಳಿದವು.

ಆಮೇಲೆ ನಮ್ಮ ಕಡೆಯ ಮೆಕ್ಯಾನಿಕ್ ಬಂದು ಬಿಳಿಗಿರಿರಂಗನ ಬೆಟ್ಟದ ರಸ್ತೆಯ ಏರಿನಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಬಿಟ್ಟು ನೋಡಿದ. ಕಾರು ಅಲುಗಲಿಲ್ಲ. ಕ್ಲಚ್ ಮಾತ್ರ ಕೆಲವು ತಿಂಗಳಲ್ಲಿ ಕೆಲಸ ಕೇಳುತ್ತದೆ ಎಂದ. ಅದಕ್ಕೆಂದು ಮೇಷ್ಟರು 5,000 ಬಿಟ್ಟರು. 1,30,000ಕ್ಕೆ ವ್ಯವಹಾರ ಮುಗಿಯಿತು. ಈಗ ಆ ತಾಯಿ ಸೀಟಿಗೆ ಒರಗಿಕೊಂಡು ಮೈಸೂರಿಗೆ ಹೋಗಿ ಬರುತ್ತಾರೆ.

ಹದಿನಾಲ್ಕು ವರ್ಷ ಹತ್ತು ತಿಂಗಳ ಕಾರನ್ನು ಬಿಟ್ಟು ಹದಿನಾರೂವರೆ ವರ್ಷದ ಕಾರನ್ನು ಆರಿಸಿದ್ದೇಕೆ ಎಂದು ಮಕ್ಕಳು ಕೇಳಬಹುದು. ಒಂದು ಕಾರು ಪರೀಕ್ಷೆಗೆ ಹೆದರುತ್ತಿತ್ತು, ಇನ್ನೊಂದು ಪರೀಕ್ಷೆ ಬರೆದು, ಒಮ್ಮೆ ಫೇಲಾಗಿ, ತಿದ್ದಿಕೊಂಡು ಪಾಸಾಗಿತ್ತು. ಯಳಂದೂರಿನ ಬಳೆಮಂಟಪದಲ್ಲಿ ಕಲ್ಲಿನ ಬಳೆಗಳ ಸರಪಳಿ ನೋಡಿದ್ದೀರಲ್ಲ? ಕಾಗದಗಳೂ ಹಾಗೆ ಒಂದಕ್ಕೊಂದು ಕೂಡಿಕೊಂಡಿರಬೇಕು. ಕಾರಿನ ವಯಸ್ಸು ಆಮೇಲಿನ ಮಾತು.

ಮೊಮ್ಮಕ್ಕಳು ನೋಡಬಹುದಾದ್ದು

ಟೈರು: ಟೈರಿನ ಪಕ್ಕದಲ್ಲಿ ಒಂದು ಉದ್ದ ದುಂಡು ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 0817 ಎಂದಿದ್ದರೆ ಅದು 2017ನೇ ಇಸವಿಯ 8ನೇ ವಾರದಲ್ಲಿ ತಯಾರಾದ ಟೈರು. ಟೈರು ಹೊಸದು ಎಂದು ಯಾರಾದರೂ ಹೇಳಿದರೆ ಆ ಅಂಕಿ ಓದಿ.

ಚಾಸಿ ನಂಬರು: ಸಾಮಾನ್ಯವಾಗಿ ಬಾನೆಟ್ಟಿನ ಒಳಗೆ ಕೊರೆದಿರುತ್ತಾರೆ. ಒಟ್ಟು 17 ಅಕ್ಷರ ಮತ್ತು ಅಂಕಿ. ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ, 1 ಮತ್ತು 0 ಜೊತೆ ಗೊಂದಲವಾಗುತ್ತದೆಂದು. ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜುತ್ತೀರಲ್ಲ, ಹಾಗೇ ಇಲ್ಲೂ ಉಜ್ಜಿ ಅಚ್ಚು ತೆಗೆಯಿರಿ. ಆರ್‌ಸಿಯಲ್ಲಿರುವುದಕ್ಕೆ ಅಕ್ಷರಕ್ಕಕ್ಷರ ಹೊಂದಬೇಕು. ಕೊರೆದ ಜಾಗ ಉಜ್ಜಿ ತಿದ್ದಿದಂತೆ ಕಂಡರೆ ದೊಡ್ಡವರಿಗೆ ತೋರಿಸಿ. ಇದನ್ನು ಎಂಜಿನ್ ತಣ್ಣಗಿರುವಾಗ, ದೊಡ್ಡವರು ಜೊತೆಗಿದ್ದಾಗ ಮಾತ್ರ ಮಾಡಬೇಕು.

ಅಯಸ್ಕಾಂತ: ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲು, ಬಾನೆಟ್ಟಿಗೆ ಹಿಡಿಯಿರಿ, ಬಣ್ಣಕ್ಕೆ ಗೀರು ಬೀಳಬಾರದು. ಉಕ್ಕಿಗೆ ಅಂಟುತ್ತದೆ. ಗುದ್ದಿದ ಜಾಗಕ್ಕೆ ದಪ್ಪಗೆ ಪುಟ್ಟಿ ಮೆತ್ತಿದ್ದರೆ ಅಂಟುವುದಿಲ್ಲ. ಬಂಪರ್ ಪ್ಲಾಸ್ಟಿಕ್ಕು, ಅಲ್ಲಿ ಅಂಟದಿದ್ದರೆ ಗಾಬರಿ ಬೇಡ.

ಸೀಟ್ ಬೆಲ್ಟ್: ಪೂರ್ತಿ ಎಳೆಯಿರಿ. ಕೊನೆಯ ಒಂದು ಮೊಳದಲ್ಲಿ ಕೆಸರಿನ ಗೆರೆ ಇದ್ದರೆ ಕಾರಿಗೆ ನೀರು ನುಗ್ಗಿರಬಹುದು. 2015ರ ಡಿಸೆಂಬರಿನ ಚೆನ್ನೈ ಪ್ರವಾಹದಲ್ಲಿ ಎಷ್ಟೋ ಕಾರುಗಳು ಮುಳುಗಿದವು. ಹೊರಗೆ ತೊಳೆದು ಪಾಲಿಷ್ ಮಾಡುವವರು ಬೆಲ್ಟಿನ ತುದಿ ತೊಳೆಯಲು ಮರೆಯುತ್ತಾರೆ.

ಕಿಲೋಮೀಟರು: ಸರ್ವಿಸ್ ಬಿಲ್ಲು, ಆಯಿಲ್ ಚೀಟಿಗಳ ತಾರೀಕನ್ನೂ ಕಿಲೋಮೀಟರನ್ನೂ ಪಟ್ಟಿ ಮಾಡಿ ಗ್ರಾಫ್ ಹಾಳೆಯಲ್ಲಿ ಬಿಡಿಸಿ. ಗೆರೆ ಮೇಲಕ್ಕೇ ಹೋಗಬೇಕು. ಒಂದು ಸಲ ಕೆಳಗಿಳಿದರೂ ಮೀಟರಿಗೆ ಯಾರೋ ಕೈ ಹಾಕಿದ್ದಾರೆಂದು ಅನುಮಾನ ಪಡಬೇಕು.

ಹೊಗೆ ಚೀಟಿ: ಪೆಟ್ರೋಲ್ ಕಾರಿನ ಚೀಟಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟು ಎಂದಿರುತ್ತದೆ. ಬಿಎಸ್-4 ಕಾರಿಗೆ ಶೇ 0.3, ಬಿಎಸ್-3 ಕಾರಿಗೆ ಶೇ 0.5 ಮಿತಿ. ವರ್ಷ ವರ್ಷ ಆ ಅಂಕಿ ಏರುತ್ತಾ ಬಂದಿದ್ದರೆ ಎಂಜಿನ್ ದಣಿದಿದೆಯೇ ಎಂದು ಮೆಕ್ಯಾನಿಕ್ಕನ್ನು ಕೇಳಿ.

ಹಿರಿಯರು ಕೇಳಬೇಕಾದ್ದು

ಮೊಬೈಲಿನಲ್ಲಿ ಎಂ-ಪರಿವಾಹನ್ ಆ್ಯಪ್ ಹಾಕಿಸಿಕೊಂಡು ಕಾರಿನ ನಂಬರು ಒತ್ತಿದರೆ ನೋಂದಣಿಯ ತಾರೀಕು, ಅದು ಎಲ್ಲಿಯವರೆಗೆ ನಡೆಯುತ್ತದೆ, ಇನ್ಶೂರೆನ್ಸ್ ಮತ್ತು ಹೊಗೆ ತಪಾಸಣೆ ಎಂದು ಮುಗಿಯುತ್ತದೆ ಎಂಬುದೆಲ್ಲ ಸಿಗುತ್ತದೆ. ಕಟ್ಟದೆ ಉಳಿದ ದಂಡವನ್ನೂ ಆನ್‌ಲೈನಿನಲ್ಲೇ ನೋಡಬಹುದು. ಮಾರುವವರು ತೋರಿಸುವ ಕಾಗದಕ್ಕೂ ಇದಕ್ಕೂ ತಾಳೆ ನೋಡಿ.

ಖರ್ಚಿನ ಲೆಕ್ಕ ಮೊದಲೇ ಹಾಕಿ. 15 ವರ್ಷ ದಾಟಿದ ಕಾರಿನ ರಿನ್ಯೂವಲ್ ಫೀಸು 600 ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ, 20 ವರ್ಷ ದಾಟಿದ ಕಾರಿಗೆ 10,000 ಎಂದು ಗೊತ್ತುಮಾಡಿದರು. ಹೊತ್ತಿಗೆ ಸರಿಯಾಗಿ ಮಾಡಿಸದಿದ್ದರೆ ತಿಂಗಳಿಗೆ 500 ದಂಡ ಬೇರೆ.

ಇಂಥ ಕಾರಿನಲ್ಲಿ ಬೆಟ್ಟ ಹತ್ತುವವರು ನಾವು. ಅಮಾವಾಸ್ಯೆ ಬಂತೆಂದರೆ ಹನೂರು, ಕೌದಳ್ಳಿ ದಾಟಿ ಮಾದಪ್ಪನ ಬೆಟ್ಟಕ್ಕೆ ಸಾಲು ಸಾಲು ಗಾಡಿ. ತಾಳಬೆಟ್ಟದಿಂದ ಮೇಲೆ ತಿರುವಿನ ಹಿಂದೆ ತಿರುವು. ಹತ್ತುವಾಗ ಎಂಜಿನ್ ಸೋತರೆ ಗಾಡಿ ನಿಲ್ಲುತ್ತದೆ ಅಷ್ಟೆ. ಅಪಾಯ ಇರುವುದು ಇಳಿಯುವಾಗ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬದಲಾಯಿಸದಿದ್ದರೆ, ಇಳಿಜಾರಿನಲ್ಲಿ ಬ್ರೇಕು ಕಾದಾಗ ಅದು ಕುದ್ದು ಗುಳ್ಳೆಯಾಗಿ, ಪೆಡಲ್ ಒತ್ತಿದರೂ ಬ್ರೇಕು ಹಿಡಿಯದೇ ಹೋಗಬಹುದು. ಬ್ರೇಕ್ ಆಯಿಲ್ ಕೊನೆಯ ಸಲ ಯಾವಾಗ ಬದಲಾಯಿಸಿದ್ದು ಎಂದು ಕೇಳಿ, ಬಿಲ್ಲು ನೋಡಿ. ಬಿಲ್ಲು ಇಲ್ಲದಿದ್ದರೆ ಕೊಂಡ ಮಾರನೆಯ ದಿನವೇ ಬದಲಾಯಿಸಿ.

ಮನೆಯ ಹಳೆಯ ಗಾಡಿ ಮಾರುವ ಹಿರಿಯರಿಗೂ ಒಂದು ಮಾತು. ಹಣ ಎಣಿಸಿಕೊಂಡು ಕೀಲಿ ಕೊಟ್ಟರೆ ಮುಗಿಯಲಿಲ್ಲ. ಫಾರಂ 29 ಮತ್ತು 30ಕ್ಕೆ ಸಹಿಯಾಗಿ, ಆರ್‌ಸಿ ಹೊಸಬರ ಹೆಸರಿಗೆ ಆಗುವವರೆಗೂ ಕಾನೂನಿನ ಕಣ್ಣಿಗೆ ಗಾಡಿ ನಿಮ್ಮದೇ. ಕೈಯಿಂದ ಕೈಗೆ ಹಲವು ಸಲ ಮಾರಾಟವಾದ ಕಾರೊಂದು ಅಪಘಾತ ಮಾಡಿದ ಪ್ರಕರಣದಲ್ಲಿ, ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಹನೂರಿನಲ್ಲಿ ನಾವು ನೋಡಿದ ಕಾರಿನ ಮೊದಲ ಮಾಲೀಕರು, ಎಲ್ಲೇ ಇರಲಿ, ಆ ಹೊಣೆಯನ್ನು ಇನ್ನೂ ಹೊತ್ತುಕೊಂಡಿದ್ದಾರೆ. ಕೊಂಡವರು ಕೂಡ 14 ದಿನದೊಳಗೆ ಇನ್ಶೂರೆನ್ಸನ್ನು ತಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಬೇಕು.

ಈ ಭಾನುವಾರ ಒಂದು ಕೆಲಸ ಮಾಡಿ ಮಕ್ಕಳೇ. ಮನೆಯಲ್ಲಿರುವ ಸ್ಕೂಟರಿನದೋ ಕಾರಿನದೋ ಆರ್‌ಸಿ ಕೇಳಿ ಪಡೆಯಿರಿ. ಸ್ಕೂಟರಿಗೂ ಇದೇ 15 ವರ್ಷದ ಲೆಕ್ಕ. ಎಂದು ಮುಗಿಯುತ್ತದೆ ಎಂದು ನೋಡಿ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಹೊಗೆ ಚೀಟಿ, ಇನ್ಶೂರೆನ್ಸ್, ಸರ್ವಿಸ್ ಬಿಲ್ಲು ಎಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸಿ. ಅಜ್ಜಿಯನ್ನು ಕೇಳಿದರೆ ಒಂದು ಖಾಲಿ ಬಿಸ್ಕತ್ತಿನ ಡಬ್ಬಿ ಸಿಕ್ಕೇ ಸಿಗುತ್ತದೆ.